ಬೆಳ್ಳಿ ಪ್ಯಾನೆಲ್ಲಿನ ಕಪ್ಪು ಗೆರೆ

ಪೀಣ್ಯದಲ್ಲಿ ನಮ್ಮದು ಸಣ್ಣ ಪ್ಲಾಸ್ಟಿಕ್ ಮೋಲ್ಡಿಂಗ್ ಶಾಪ್. ಮಿಕ್ಸಿಯ ಮುಂಭಾಗದ ಪ್ಯಾನೆಲ್ಲನ್ನು ವರ್ಷಗಳಿಂದ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಬಿಳಿಯಾಗಿ ಹೊಡೆದು ಕೊಡುತ್ತಿದ್ದೆವು. ಒಂದು ದಿನ ಪಾರ್ಟಿ ಬಂದು, "ಇದನ್ನೇ ಸಿಲ್ವರ್‌ನಲ್ಲಿ ಕೊಡಿ. ಪೇಂಟ್ ಮಾತ್ರ ಬೇಡ, ಉಗುರಲ್ಲಿ ಕೆರೆದ್ರೆ ಕಿತ್ತು ಬರುತ್ತೆ" ಅಂದರು. ಮಾಸ್ಟರ್‌ಬ್ಯಾಚ್, ಅಂದರೆ ಪ್ಲಾಸ್ಟಿಕ್ಕಿಗೆ ಬೆರೆಸುವ ಬಣ್ಣದ ಕಾಳು, ಬದಲಾಯಿಸಿದರೆ ಮುಗೀತು, ಬಿಳಿಗೂ ಬೆಳ್ಳಿಗೂ ಏನು ಮಹಾ ವ್ಯತ್ಯಾಸ ಅಂದುಕೊಂಡು ಒಪ್ಪಿಕೊಂಡೆ.

ಮೊದಲ ಶಾಟ್‌ನಲ್ಲೇ ಸಿಕ್ಕಿಬಿದ್ದೆ. ನಾಬ್ ಕೂರುವ ತೂತಿನಿಂದ ಮೇಲಿನ ಅಂಚಿನವರೆಗೆ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆ. ಅದೇ ಡೈ (ಅಚ್ಚು), ಅದೇ ಮಷಿನ್. ಹಳೆಯ ಬಿಳಿ ಪ್ಯಾನೆಲ್ ಒಂದನ್ನು ತಂದು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಅದೇ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಅಲ್ಲೂ ಇತ್ತು. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೇ.

ಮೂರು ದಿನ ಮಷಿನ್ನಿನ ಕಂಟ್ರೋಲ್ ಬಟನ್‌ಗಳ ಮುಂದೆ ನಿಂತೆ. ಡೈ ಟೆಂಪರೇಚರ್ 40 ಡಿಗ್ರಿಯಿಂದ 70ಕ್ಕೆ, ಪ್ಲಾಸ್ಟಿಕ್ ಕರಗುವ ಬ್ಯಾರೆಲ್ಲಿನದು 230ರಿಂದ 245ಕ್ಕೆ. ಸ್ಪೀಡ್ ಏರಿಸಿದೆ, ಇಳಿಸಿದೆ. ಗೆರೆ ತೆಳುವಾಯಿತೇ ಹೊರತು ಹೋಗಲಿಲ್ಲ. ನಮ್ಮ ಹಿರಿಯ ಆಪರೇಟರ್ ಸುಮ್ಮನೆ ನೋಡುತ್ತಿದ್ದವರು ಕೊನೆಗೆ, "ಸಾರ್, ಇದು ಮಷಿನ್ ಕಾಯಿಲೆ ಅಲ್ಲ, ಡೈಯದ್ದು. ಅರ್ಧರ್ಧ ತುಂಬಿಸಿ ನೋಡೋಣ" ಅಂದರು.

ಬೇಕೆಂದೇ ಶಾರ್ಟ್ ಶಾಟ್ ಹೊಡೆದೆವು: ಅರ್ಧ, ಮುಕ್ಕಾಲು, ಇನ್ನೇನು ತುಂಬಬೇಕು ಅನ್ನುವಷ್ಟು. ಸಾಲಾಗಿ ಮೇಜಿನ ಮೇಲಿಟ್ಟಾಗ ಕಥೆ ಕಣ್ಣಿಗೇ ಕಂಡಿತು. ಗೇಟ್, ಅಂದರೆ ಕರಗಿದ ಪ್ಲಾಸ್ಟಿಕ್ ಡೈಯೊಳಗೆ ನುಗ್ಗುವ ಬಾಯಿ, ಇದ್ದದ್ದು ಕೆಳಗಿನ ಅಂಚಿನಲ್ಲಿ. ಅಲ್ಲಿಂದ ಬಂದ ಪ್ಲಾಸ್ಟಿಕ್, ಹೊಳೆಯ ನೀರು ಬಂಡೆ ಸುತ್ತಿದ ಹಾಗೆ ತೂತಿನ ಎರಡೂ ಬದಿ ಕವಲೊಡೆದು, ಅದರ ಮೇಲೆ ಮತ್ತೆ ಕೂಡಿಕೊಳ್ಳುತ್ತಿತ್ತು. ಗೆರೆ ಹುಟ್ಟುತ್ತಿದ್ದದ್ದು ಆ ಕೂಡುವ ಜಾಗದಲ್ಲಿ.

ಸಿಲ್ವರ್ ಅಂದರೆ ನಿಜಕ್ಕೂ ಬಣ್ಣವಲ್ಲ, ಅಲ್ಯೂಮಿನಿಯಂನ ಸಣ್ಣ ಸಣ್ಣ ಬಿಲ್ಲೆಗಳು. ಊಟದ ಸ್ಟೀಲ್ ತಟ್ಟೆಗಳನ್ನು ನೆನೆಸಿಕೊಳ್ಳಿ. ನೆಲದ ಮೇಲೆ ಹರಡಿದರೆ ಹೊಳೆಯುತ್ತವೆ, ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಅಂಚು ಮಾತ್ರ ಕಾಣುತ್ತದೆ. ಪ್ಲಾಸ್ಟಿಕ್ ಹರಿಯುವಾಗ ಬಿಲ್ಲೆಗಳು ಮೇಲ್ಮೈಗೆ ಒರಗಿ ಮಲಗುತ್ತವೆ. ಎರಡು ಹರಿವು ಎದುರುಬದುರಾಗಿ ಮುಟ್ಟುವಲ್ಲಿ ಎದ್ದು ನಿಲ್ಲುತ್ತವೆ. ನಿಂತ ಬಿಲ್ಲೆ ಬೆಳಕನ್ನು ವಾಪಸ್ ಕೊಡುವುದಿಲ್ಲ, ಅದೇ ಕಪ್ಪು ಗೆರೆ. ತೂತು ಇರುವವರೆಗೆ ಈ ಕೂಡುಗೆರೆ ಇದ್ದೇ ಇರುತ್ತದೆ. ಅದು ಎಲ್ಲಿ ಬೀಳಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. (ಇದೇ ಮಿಕ್ಸಿಯ ನಾಬ್ ಒಂದು ದಿನವೂ ಕಾಟ ಕೊಡಲಿಲ್ಲ. ತೂತಿಲ್ಲ, ಗೇಟ್ ನಟ್ಟನಡುವೆ.)

ತೂತಿಲ್ಲದೆ ಹೊಡೆದು ಆಮೇಲೆ ಡ್ರಿಲ್ ಮಾಡುವ ದಾರಿಯೂ ಇತ್ತು. ಆದರೆ ಪೀಸಿಗೊಂದು ಕೂಲಿ ಬೀಳುತ್ತದೆ. ಟೂಲ್ ರೂಮಿಗೆ ಡೈ ಕಳಿಸಿ ಹಳೇ ಗೇಟ್ ಮುಚ್ಚಿಸಿ, ಗೇಟಿನವರೆಗೆ ಪ್ಲಾಸ್ಟಿಕ್ ಹರಿದು ಬರುವ ಕಾಲುವೆಯಾದ ರನ್ನರನ್ನು ಸುತ್ತು ಹಾಕಿಸಿ, ಮೇಲಿನ ಅಂಚಿನಲ್ಲಿ ಬೀಸಣಿಗೆಯಂತೆ ಅಗಲವಾದ ಫ್ಯಾನ್ ಗೇಟ್ ಕೊರೆಸಿದೆ. ಈಗ ಗೆರೆ ತೂತಿನ ಕೆಳಗೆ ಬೀಳುತ್ತದೆ. ನಾಬ್ ಇರುವುದು ಪ್ಯಾನೆಲ್ಲಿನ ಕೆಳಭಾಗದಲ್ಲೇ ಆದ್ದರಿಂದ ಗೆರೆ ಗಿಡ್ಡ, ಅದರ ಮೇಲೆಯೇ ಸ್ಪೀಡ್ ನಂಬರಿನ ಸ್ಟಿಕ್ಕರ್ ಕೂರುತ್ತದೆ. ಜೊತೆಗೆ ನುಣ್ಣನೆಯ ಪಿಗ್ಮೆಂಟ್ ಬಿಟ್ಟು ದಪ್ಪ ಬಿಲ್ಲೆಯದಕ್ಕೆ ಹೋದೆವು. ಲೋಹದ ತಗಡಿನ ನಯ ಹೋಗಿ ಸ್ವಲ್ಪ ಮಿಣುಕು ಬಂತು, ಗೆರೆ ಇನ್ನಷ್ಟು ಮಸುಕಾಯಿತು. ನನಗೆ ನಯವೇ ಇಷ್ಟವಿತ್ತು. ಪಾರ್ಟಿಗೆ ಮಿಣುಕು ಹಿಡಿಸಿತು.

ಮಾಸ್ಟರ್‌ಬ್ಯಾಚ್‌ನಲ್ಲೂ ಒಂದು ಪೆಟ್ಟು ತಿಂದಿದ್ದೆ. ಅಗ್ಗಕ್ಕೆ ಸಿಕ್ಕಿತೆಂದು ಮೊದಲು ತಂದದ್ದರ ಕ್ಯಾರಿಯರ್, ಅಂದರೆ ಬಣ್ಣವನ್ನು ಹಿಡಿದಿಡುವ ಪ್ಲಾಸ್ಟಿಕ್, ಪಾಲಿಥಿನ್. ಎಬಿಎಸ್ ಜೊತೆ ಅದು ಬೆರೆಯುವುದಿಲ್ಲ. ಗೇಟ್ ಹತ್ತಿರ ಉಗುರು ಹಾಕಿದರೆ ಈರುಳ್ಳಿ ಸಿಪ್ಪೆಯಂತೆ ಪದರ ಏಳುತ್ತಿತ್ತು. ಆಮೇಲೆ ಎಬಿಎಸ್‌ಗೆ ಹೊಂದುವ ಕ್ಯಾರಿಯರ್ ಕೇಳಿ ತರಿಸಿದೆ. ಒಬ್ಬರು ಒಣ ಅಲ್ಯೂಮಿನಿಯಂ ಪುಡಿಯನ್ನೇ ಕೊಡುತ್ತೇನೆ, ಪ್ಲಾಸ್ಟಿಕ್ ಕಾಳಿಗೆ ಕಲಸಿಕೊಳ್ಳಿ ಅಂದರು. ಗಾಳಿಯಲ್ಲಿ ತೇಲುವ ಆ ಪುಡಿ ಒಂದು ಕಿಡಿಗೆ ಸ್ಫೋಟಿಸುತ್ತದೆ. ಶಾಪಿನೊಳಕ್ಕೆ ಬಿಟ್ಟುಕೊಳ್ಳಲಿಲ್ಲ.

ಬ್ಯಾರೆಲ್ಲಿನೊಳಗೆ ಮಾಲನ್ನು ತಿರುವಿ ಕರಗಿಸುವ ಸ್ಕ್ರೂ ಮೇಲಿನ ಎದುರೊತ್ತಡ, ಅಂದರೆ ಬ್ಯಾಕ್ ಪ್ರೆಶರ್, ಆದಷ್ಟು ಕಮ್ಮಿ ಇಟ್ಟಿದ್ದೇವೆ. ಸ್ಕ್ರೂ ಜಾಸ್ತಿ ಅರೆದರೆ ಬಿಲ್ಲೆಗಳು ಬಾಗಿ, ಮುರಿದು, ಬೆಳ್ಳಿ ಹೋಗಿ ಬೂದಿ ಬಣ್ಣ ಬರುತ್ತದೆ. ಇದೇ ಕಾರಣಕ್ಕೆ ರನ್ನರಿನಲ್ಲಿ ಗಟ್ಟಿಯಾಗಿ ಉಳಿದ ಪ್ಲಾಸ್ಟಿಕ್ಕನ್ನು (ಅದನ್ನೂ ರನ್ನರ್ ಅನ್ನುತ್ತೇವೆ) ಗ್ರೈಂಡ್ ಮಾಡಿದ್ದು ಮತ್ತೆ ಸಿಲ್ವರ್‌ಗೆ ಹೋಗುವಂತಿಲ್ಲ. ಗೇಟ್ ಜಾಗ ಬದಲಾಯಿಸಿದ್ದರಿಂದ ರನ್ನರ್ ಉದ್ದವೂ ಆಗಿದೆ, ಪ್ರತಿ ಶಾಟಿಗೂ ಅಷ್ಟು ಮಾಲು ಪಕ್ಕಕ್ಕೆ. ರೇಟ್ ಹಾಕುವಾಗ ಇದನ್ನು ಸೇರಿಸಿರಲಿಲ್ಲ. ಮೊದಲ ಆರ್ಡರಿನಲ್ಲಿ ಕೈಯಿಂದ ಕೊಟ್ಟೆ.

ಮೊದಲ ಲಾಟ್ ಮುಗಿದ ಮರುದಿನ ಅದೇ ಮಷಿನ್ನಿಗೆ ಬಿಳಿ ಡಬ್ಬಿ ಮುಚ್ಚಳದ ಡೈ ಏರಿಸಿದೆವು. ಹಳೆ ಮಾಲು ಹೊರಹಾಕಲು ಅರ್ಧ ದಿನ ಪರ್ಜ್ ಮಾಡಿದರೂ ಹಾಲಿನಂಥ ಮುಚ್ಚಳದಲ್ಲಿ ಒಂದೋ ಎರಡೋ ಬೆಳ್ಳಿ ಚುಕ್ಕೆ ಮಿಂಚುತ್ತಲೇ ಇದ್ದವು. ಈಗ ಸಿಲ್ವರ್ ಇಳಿದ ಮೇಲೆ ಆ ಮಷಿನ್ನಿಗೆ ಕಪ್ಪು ಬೇಸ್‌ಪ್ಲೇಟ್ ಮಾತ್ರ ಏರುತ್ತದೆ. ಪಕ್ಕಕ್ಕಿಟ್ಟ ಸಿಲ್ವರ್ ರನ್ನರೂ ಅದರಲ್ಲೇ ಕರಗುತ್ತದೆ.