ಅಂಗಳದ ಪ್ಲಾಸ್ಟಿಕ್ ಕುರ್ಚಿಗಳನ್ನು ತೊಳೆಯುವುದು: ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಸಮೀಪದ ನಮ್ಮ ಮನೆಯ ಅಂಗಳದಲ್ಲಿ 6 ಬಿಳಿ ಪ್ಲಾಸ್ಟಿಕ್ ಕುರ್ಚಿಗಳು ವರ್ಷವಿಡೀ ಹೊರಗೇ ಇರುತ್ತವೆ. ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳಿಗೆ ಹಸಿರು ಪಾಚಿ ಹಿಡಿದು, ಸಂದುಗಳಲ್ಲಿ ಕಪ್ಪು ಬೂಷ್ಟು ಕೂತಿರುತ್ತದೆ. ಅಡಿಕೆ ಸುಲಿತ ಮುಗಿಯುವ ಹೊತ್ತಿಗೆ ಕೈಯೂರುವ ಕಡೆಗಳಲ್ಲಿ ಚೊಗರಿನ, ಅಂದರೆ ಅಡಿಕೆಯ ಒಗರು ರಸದ, ಕಂದು ಕಲೆಯೂ ಸೇರುತ್ತದೆ.

ಮೊದಲ ವರ್ಷ ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಬಲವಾಗಿ ಉಜ್ಜಿದ್ದೆ. ಅಂದು ಕುರ್ಚಿಗಳು ಬೆಳ್ಳಗಾದವು. ಆದರೆ ಪ್ಲಾಸ್ಟಿಕ್ಕಿನ ನುಣುಪು ಹೋಗಿ ಗೀರುಗಳಲ್ಲಿ ತೇವವೂ ಮಣ್ಣೂ ನಿಂತುದರಿಂದ, ಮುಂದಿನ ಮಳೆಗಾಲದಲ್ಲಿ ಉಜ್ಜಿದ ಜಾಗಗಳೇ ಮೊದಲು ಕಪ್ಪಾದವು.

ಈಗ ನಾನು ಕುರ್ಚಿಗಳನ್ನು ನೆರಳಿನಲ್ಲಿ ತಲೆಕೆಳಗಾಗಿಟ್ಟು, ಒಣಗಿದ ಪಾಚಿ ಮೆತ್ತಗಾಗುವಂತೆ ಅರ್ಧ ಗಂಟೆ ನೆನೆಸಿ, ಬಟ್ಟೆ ಸೋಪಿನ ಪುಡಿ ಬೆರೆಸಿದ ಬೆಚ್ಚನೆಯ ನೀರಿನಿಂದ ಮೆದು ಬ್ರಷ್ ಹಿಡಿದು ತೊಳೆಯುತ್ತೇನೆ. ಹೆಚ್ಚಿನ ಪಾಚಿ ಇರುವುದು ಅಡಿಭಾಗದ ಪಟ್ಟಿಗಳ ನಡುವೆ. ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಬೇಕು. ಮಣ್ಣು ಪೂರ್ತಿ ಹೋದ ಮೇಲೆಯೇ ಬ್ಲೀಚಿಂಗ್ ಪೌಡರ್ ಬಳಸಬೇಕು, ಏಕೆಂದರೆ ಕೊಳೆ ಉಳಿದಿದ್ದರೆ ಕ್ಲೋರಿನ್ನಿನ ಶಕ್ತಿ ಅದರಲ್ಲೇ ವ್ಯಯವಾಗುತ್ತದೆ. 1 ಲೀಟರ್ ನೀರಿಗೆ 2 ಟೀ ಚಮಚ ಪುಡಿ ಕದಡಿ, ಗಸಿ ಕೆಳಗಿಳಿದ ಮೇಲೆ ತಿಳಿಯನ್ನು ಮಾತ್ರ ಬಟ್ಟೆಯಿಂದ ಬಳಿದು, ಒಣಗದಂತೆ ಮತ್ತೆ ಮತ್ತೆ ಒದ್ದೆ ಮಾಡುತ್ತಾ 10 ನಿಮಿಷ ಬಿಡುತ್ತೇನೆ. ಬೂಷ್ಟೂ ಚೊಗರೂ ತಿಕ್ಕದೆಯೇ ಮಾಸುತ್ತವೆ. ಉಳಿದ ಕಲೆಗೆ ಇನ್ನೊಮ್ಮೆ ಬಳಿಯುವುದೇ ಸರಿ, ಕೈಬಲ ಬೇಡ. ಬಳಿಕ ಧಾರಾಳ ನೀರಿನಲ್ಲಿ ತೊಳೆದು, ಆ ನೀರು ಹೂಗಿಡಗಳ ಬುಡಕ್ಕೆ ಹೋಗದಂತೆ ನೋಡಿಕೊಳ್ಳುತ್ತೇನೆ.

ಕೈಗವಸು ಕಡ್ಡಾಯ. ಶೌಚಾಲಯ ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರಿನೊಂದಿಗೆ ಎಂದಿಗೂ ಬೆರೆಸಬಾರದು. ಹಾಗೆ ಬೆರೆಸಿದರೆ ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ ಏಳುತ್ತದೆ.

ಇಷ್ಟಾದರೂ ಒಂದು ಕುರ್ಚಿಯ ಮೇಲೆ ಬೆರಳಾಡಿಸಿದರೆ ಸುಣ್ಣದಂತಹ ಬಿಳಿ ಪುಡಿ ಹತ್ತುತ್ತಿತ್ತು. ಅದು ಕೊಳೆಯಲ್ಲ, ಬಿಸಿಲಿಗೆ ಪ್ಲಾಸ್ಟಿಕ್ಕೇ ಸವೆದು ಉದುರುವ ಪುಡಿ. ಅಂಥ ಕುರ್ಚಿ ಭಾರ ಬಿದ್ದಾಗ ಥಟ್ಟನೆ ಸೀಳಬಹುದಾದ್ದರಿಂದ, ಹಿರಿಯರು ಕೂರುವ ಜಾಗದಿಂದ ತೆಗೆದು ಅದರ ಮೇಲೆ ಈಗ ತುಳಸಿಯ ಸಸಿಗಳನ್ನು ಇಟ್ಟಿದ್ದೇನೆ.