ಹಾನಿ ವರದಿ ಬರೆಯುವುದು ಹೇಗೆ: ವೈಜ್ಞಾನಿಕ ಕಥೆಗಾರರಿಗೆ

ಬಾಹ್ಯಾಕಾಶ ನೌಕೆಗೆ ಪೆಟ್ಟು ಬಿದ್ದ ಕೂಡಲೇ "ಶೀಲ್ಡ್ ಶೇ. 40ಕ್ಕೆ ಇಳಿದಿದೆ ಕ್ಯಾಪ್ಟನ್!" ಎಂದು ಯಾರಾದರೂ ಕೂಗುವುದು ಸವೆದುಹೋದ ಸಾಲು. ಅದನ್ನು ಕೇಳಿಸಿಕೊಂಡು ಕ್ಯಾಪ್ಟನ್ ಏನು ತೀರ್ಮಾನ ಮಾಡಬೇಕು? ವರದಿಯಲ್ಲಿ ಬೇಕಾದದ್ದು ಇಷ್ಟು: ಎಲ್ಲಿ, ಏನಾಗಿದೆ, ಎಷ್ಟು ಬೇಗ ಕೆಡುತ್ತಿದೆ, ಒಳಗೆ ಯಾರಿದ್ದಾರೆ, ಈವರೆಗೆ ಏನು ಮಾಡಿದ್ದಾರೆ.

"ಎಲ್ಲಿ" ಎಂಬುದಕ್ಕೆ ಅಮೆರಿಕದ ನೌಕಾಪಡೆಯ ಪದ್ಧತಿಯನ್ನೇ ತೆಗೆದುಕೊಳ್ಳಿ. 3-75-4 ಎಂದರೆ 3ನೇ ಡೆಕ್ (ಅಂತಸ್ತು), 75ನೇ ಫ್ರೇಮ್ (ಹಡಗಿನ ಮುಂತುದಿಯಿಂದ ಎಣಿಸುವ ಅಡ್ಡ ಪಕ್ಕೆಲುಬು), ನಡುಗೆರೆಯಿಂದ ಎಡಕ್ಕೆ ಎರಡನೇ ಕೋಣೆ. ಎಡಬದಿಗೆ ಸಮಸಂಖ್ಯೆ (2, 4...), ಬಲಬದಿಗೆ ಬೆಸ (1, 3...). ಹೊಗೆಯಲ್ಲಿ ಕಣ್ಣು ಕಾಣದಿದ್ದರೂ ಈ ಸಂಖ್ಯೆ ಸಾಕು.

ಗಾಳಿ ಸೋರಿಕೆಗೆ ಲೆಕ್ಕವಿದೆ. ಕೋಣೆಯ ಘನ ಮೀಟರನ್ನು 35ರಿಂದ ಗುಣಿಸಿ, ತೂತಿನ ಚದರ ಸೆಂಟಿಮೀಟರಿನಿಂದ ಭಾಗಿಸಿ. ಪ್ರೆಶರ್ ಅರ್ಧಕ್ಕಿಳಿಯಲು ಬೇಕಾದ ಸೆಕೆಂಡುಗಳ ಅಂದಾಜು ಸಿಗುತ್ತದೆ. 100 ಘನ ಮೀಟರ್ ಕೋಣೆಯಲ್ಲಿ 1 ಚದರ ಸೆಂ.ಮೀ. ತೂತಾದರೆ ಹತ್ತಿರ ಹತ್ತಿರ ಒಂದು ಗಂಟೆ. 10 ಸೆಂ.ಮೀ. ಅಗಲದ ತೂತಾದರೆ ಮುಕ್ಕಾಲು ನಿಮಿಷವೂ ಇಲ್ಲ. ಸಣ್ಣ ತೂತು ಮನುಷ್ಯನನ್ನು ಹೊರಗೆ ಎಳೆದುಕೊಳ್ಳುವುದಿಲ್ಲ: 1 ಚದರ ಸೆಂ.ಮೀ. ಮೇಲಿನ ಒತ್ತಡ ಒಂದು ಕಿಲೋ ತೂಕದಷ್ಟು. ಅಂಥ ದೃಶ್ಯ ಬರೆದಿದ್ದರೆ ಹೊಡೆದು ಹಾಕಿ.

ಪಾತ್ರಗಳು ಗೇಜ್ (ಮಾಪಕ) ಒಂದನ್ನೇ ನಂಬುವಂತೆ ಬರೆಯಬೇಡಿ. 1970ರ ಏಪ್ರಿಲ್ 13ರಂದು ಚಂದ್ರನತ್ತ ಹೊರಟಿದ್ದ ಅಪೋಲೋ 13ರ ಆಮ್ಲಜನಕದ ಟ್ಯಾಂಕ್ ಸಿಡಿದಾಗ, ಒಟ್ಟಿಗೇ ಇಷ್ಟೊಂದು ಕೆಡಲು ಸಾಧ್ಯವೇ, ಇದು ಉಪಕರಣದ ದೋಷವಿರಬಹುದು ಎಂಬ ಗುಮಾನಿ ಭೂಮಿಯಲ್ಲಿದ್ದವರಿಗಿತ್ತು. ಸುಮಾರು ಕಾಲು ಗಂಟೆಯ ಬಳಿಕ ನೌಕೆಯ ಕಮಾಂಡರ್ ಲೊವೆಲ್ ಕಿಟಕಿಯಿಂದ ಅನಿಲ ಹೊರಹೋಗುವುದನ್ನು ಕಂಡರು. ನಿಮ್ಮ ಕಥೆಯಲ್ಲೂ ಎರಡನೇ ಸಾಕ್ಷಿ ಬೇರೆ ದಾರಿಯಿಂದ ಬರಲಿ.

ಸೋರಿಕೆ ಎಲ್ಲಿಂದ ಎಂದು ತಿಳಿಯದಿದ್ದರೆ ಕೋಣೆಗಳ ನಡುವಿನ ಬಾಗಿಲುಗಳಾದ ಹ್ಯಾಚ್‌ಗಳನ್ನು ಒಂದೊಂದಾಗಿ ಮುಚ್ಚಿ, ಯಾವ ಕೋಣೆಯ ಪ್ರೆಶರ್ ಇಳಿಯುತ್ತದೆಂದು ನೋಡಬೇಕು. ಫ್ಯಾನುಗಳ ಗದ್ದಲದಲ್ಲಿ ಗಾಳಿ ಸೋರುವ ಸೀಟಿಯಂಥ ಸದ್ದು ಕೇಳಿಸದು. 2020ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಜ್ವೆಜ್ದಾ ಭಾಗದಲ್ಲಿ ಬಿರುಕನ್ನು ಹುಡುಕಲು ಚಹಾದ ಎಲೆ ತೇಲಿಬಿಟ್ಟರು. ಎಲೆಗಳು ಹರಿದ ದಿಕ್ಕೇ ಜಾಗವನ್ನು ತೋರಿಸಿತು. ಯಾವ ಕಲ್ಪಿತ ಸ್ಕ್ಯಾನರ್‌ಗಿಂತಲೂ ಇದು ಚೆಂದ!

ಹ್ಯಾಚ್ ಮುಚ್ಚುವುದು ಸುಲಭ ಎಂದುಕೊಳ್ಳಬೇಡಿ. 1997ರ ಜೂನ್ 25ರಂದು ಪ್ರೊಗ್ರೆಸ್ ಸರಕುನೌಕೆ ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದ ಸ್ಪೆಕ್ಟರ್ ಭಾಗಕ್ಕೆ ಡಿಕ್ಕಿ ಹೊಡೆಯಿತು. ಹ್ಯಾಚ್‌ನ ನಡುವೆ ಕೇಬಲ್‌ಗಳು ಹಾದುಹೋಗಿದ್ದವು. ಅವನ್ನು ಬಿಚ್ಚಿ, ಕತ್ತರಿಸಿ ಮುಚ್ಚಿದರು. ಗಾಳಿ ಉಳಿಯಿತು, ಸ್ಪೆಕ್ಟರ್‌ನ ಸೌರಫಲಕಗಳ ವಿದ್ಯುತ್ ಹೋಯಿತು. ಒಂದನ್ನು ಉಳಿಸಲು ಇನ್ನೊಂದನ್ನು ಕಳೆದುಕೊಳ್ಳುವ ಇಂಥ ಲೆಕ್ಕ ವರದಿಗೆ ಬಂದರೆ ಕ್ಯಾಪ್ಟನ್‌ಗೆ ನಿಜವಾದ ಕೆಲಸ ಸಿಗುತ್ತದೆ.

ಇವನ್ನೆಲ್ಲ ಸೇರಿಸಿದರೆ ವರದಿ ಹೀಗಿರುತ್ತದೆ: "3-75-4, ಗಾಳಿ ಸೋರಿಕೆ. ಪ್ರೆಶರ್ 82 ಕಿಲೋಪಾಸ್ಕಲ್, ನಿಮಿಷಕ್ಕೆ ಒಂದರಂತೆ ಇಳೀತಿದೆ. ಗೇಜ್ ಎರಡೂ ಒಂದೇ ತೋರಿಸ್ತಿವೆ. ಒಳಗಿಬ್ಬರು, ಮಾಸ್ಕ್ ಹಾಕ್ಕೊಂಡಿದ್ದಾರೆ. ಹ್ಯಾಚ್‌ಗೆ ಕೇಬಲ್ ಅಡ್ಡ ಇದೆ. ಕತ್ತರಿಸಿದ್ರೆ ಎಡಬದಿ ರೇಡಿಯೇಟರ್ ಪಂಪ್ ನಿಲ್ಲುತ್ತೆ. ಕತ್ತರಿಸಲಾ ಸರ್?"

ಕೇಳಿದವರು ಕೋಣೆಯ ಸಂಖ್ಯೆಯನ್ನೂ ಪ್ರೆಶರ್ ಅಂಕಿಯನ್ನೂ ತಿರುಗಿ ಹೇಳಿದ ಮೇಲೆಯೇ ಅಪ್ಪಣೆ ಕೊಡಲಿ. 3-75-4 ಎಂದದ್ದು 3-75-3 ಎಂದು ಕೇಳಿಸಿದರೆ ರಿಪೇರಿ ತಂಡ ಬಲಬದಿಗೆ ಓಡಿರುತ್ತದೆ.