ಕೆಂಪು ಬಣ್ಣದ ಷೇರು: ಇಟ್ಟುಕೊಳ್ಳೋದಾ, ಮಾರೋದಾ?

ಅಡಿಕೆ ರೇಟು ಇಳಿದಾಗ ಚನ್ನಗಿರಿ ಕಡೆ ಎಷ್ಟೋ ಮನೆಗಳಲ್ಲಿ ಚೀಲ ಹೊರಗೇ ಬರುವುದಿಲ್ಲ. 'ಹಳೇ ರೇಟು ಬರಲಿ, ಆಮೇಲೆ ಕೊಡೋಣ' ಎನ್ನುತ್ತಾರೆ. ದಾವಣಗೆರೆಯಲ್ಲಿ ಕೂತು ಮೊಬೈಲಿನಲ್ಲಿ ಬೆಲೆ ಬಿದ್ದು ಕೆಂಪಾದ ಷೇರು ನೋಡುವವರ ಮಾತೂ ಅದೇ: 'ಅಸಲು ಬಂದರೆ ಸಾಕು, ಮಾರಿಬಿಡ್ತೀನಿ.' ಅಡಿಕೆಗಾದರೂ ಆವಕ ಕಡಿಮೆಯಾದರೆ ರೇಟು ಏರಬಹುದು ಎಂಬ ಲೆಕ್ಕವಿದೆ. ಷೇರಿಗೆ ಏನಿದೆ?

ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ ಈ ಸ್ವಭಾವವನ್ನು 1979ರಲ್ಲೇ ವಿವರಿಸಿದ್ದರು. 1992ರಲ್ಲಿ ಅವರು ಹಾಕಿದ ಲೆಕ್ಕದಂತೆ, ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಖುಷಿಗಿಂತ ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ ಏರಿದ ಷೇರನ್ನು ಬೇಗ ಮಾರುತ್ತೇವೆ, ಬಿದ್ದದ್ದನ್ನು ಬಿಡುವುದೇ ಇಲ್ಲ.

ಮೊದಲು ಲೆಕ್ಕ ಹಾಕಿ. 40,000 ರೂಪಾಯಿಯ ಷೇರು 24,000ಕ್ಕೆ ಇಳಿದಿದೆ ಎನ್ನಿ. ಬಿದ್ದದ್ದು ಶೇ 40. ಅಸಲು ಬರಲು ಏರಬೇಕಾದ್ದು ಸುಮಾರು ಶೇ 67.

ಈಗ ಕೊಂಡ ಬೆಲೆಯನ್ನು ಕೈಯಿಂದ ಮುಚ್ಚಿ. ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಮಾರುಕಟ್ಟೆಗೆ ಬೇಕಿಲ್ಲ. ಕೈಯಲ್ಲಿ 24,000 ನಗದು ಇದ್ದರೆ ಇವತ್ತು ಇದೇ ಷೇರು ಕೊಳ್ಳುತ್ತೀರಾ? 'ಇಲ್ಲ' ಎಂದರೆ ಇಟ್ಟುಕೊಳ್ಳಲೂ ಕಾರಣವಿಲ್ಲ. (ಮನೆಯವರಿಗೆ ಹೇಳದೆ ಕೊಂಡದ್ದಾದರೆ ಮಾರುವುದು ಇನ್ನೂ ಕಷ್ಟ, ಬಿಡಿ.)

ಹಾಗಂತ ಬಿದ್ದದ್ದನ್ನೆಲ್ಲ ಮಾರಬೇಡಿ. ಇಡೀ ಮಾರುಕಟ್ಟೆ ಬಿದ್ದಿದೆಯೋ, ಈ ಕಂಪನಿಯ ಸಾಲ, ಲಾಭವೇ ಕೆಟ್ಟಿದೆಯೋ ನೋಡಿ. ಮಾರುಕಟ್ಟೆ ಬಿತ್ತು ಅಂತ ಸಿಪ್ (ತಿಂಗಳಿಗಿಷ್ಟು ಅಂತ ಮ್ಯೂಚುವಲ್ ಫಂಡಿಗೆ ಹಣ ಹಾಕುವುದು) ನಿಲ್ಲಿಸುವುದೂ ಇದೇ ಭಯದ ಇನ್ನೊಂದು ಮುಖ.

ಮುಂದಿನ ಸಲ ಕೊಳ್ಳುವಾಗಲೇ ಯಾಕೆ ಕೊಂಡೆ, ಏನಾದರೆ ಮಾರುತ್ತೇನೆ ಎಂದು ಡೈರಿಯಲ್ಲಿ ಎರಡು ಸಾಲು ಬರೆದಿಡಿ. ಆಪ್ ದಿನಾ ತೆರೆಯಬೇಡಿ. ಸುಮ್ನೆ ಕೆಂಪು ನೋಡಿ ಕೆಂಪು ನೋಡಿ ತಲೆ ಕೆಡುತ್ತದೆ.

ಮಾರಿದ ಮೇಲೆ ತೆರಿಗೆ ಕಡೆ ಗಮನ ಕೊಡಿ. ಒಂದು ವರ್ಷದೊಳಗೆ ಮಾರಿದ ಷೇರಿನ ನಷ್ಟವನ್ನು ಬೇರೆ ಷೇರುಗಳ ಲಾಭದಲ್ಲಿ ಕಳೆಯಬಹುದು. ವರ್ಷ ದಾಟಿದ್ದರೆ ದೀರ್ಘಾವಧಿ ಲಾಭದಲ್ಲಿ, ಅಂದರೆ ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ ಷೇರಿನ ಲಾಭದಲ್ಲಿ ಮಾತ್ರ. ಉಳಿದ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿರಬೇಕು.